ಫೋರ್ ವೀಲ್ ಡ್ರೈವ್ ಮಿನಿ ಟ್ರ್ಯಾಕ್ಟರಿಗೆ ಬದಲಿ ರಿಮ್ ಮತ್ತು ಟೈರು: 8.3-20 ಸಿಗದಿದ್ದರೆ 8.3-24 ಹಾಕಬಹುದೇ?

ಪ್ರಶ್ನೆ: ಆಲೂರು ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ ನಮ್ಮ ಜಮೀನಿದೆ. ಮುಸುಕಿನ ಜೋಳ, ಶುಂಠಿ, ಮನೆಯ ಹಿಂದಿನ ಅಡಿಕೆ ತೋಟ, ಇಷ್ಟಕ್ಕೂ ಒಂದೇ ಮಿನಿ ಟ್ರ್ಯಾಕ್ಟರ್ ದುಡಿಯುತ್ತದೆ. ಅದು ಫೋರ್ ವೀಲ್ ಡ್ರೈವ್ ಗಾಡಿ. ಮುಂದಿನ ಟೈರಿನ ಮೇಲೆ 6.00-12 ಎಂದೂ ಹಿಂದಿನದರ ಮೇಲೆ 8.3-20 ಎಂದೂ ಅಚ್ಚಾಗಿದೆ. ಎಂಜಿನ್, ಗೇರ್ ಬಾಕ್ಸ್, ಹೈಡ್ರಾಲಿಕ್ ಯಾವುದರಲ್ಲೂ ದೋಷವಿಲ್ಲ. ಚಕ್ರಗಳು ಮಾತ್ರ ಕೈಕೊಡುತ್ತಿವೆ.

ಹಿಂದಿನ ಬಲಗಡೆಯ ರಿಮ್ಮು ವಾಲ್ವಿನ ತೂತಿನ ಸುತ್ತ ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿದೆ. ಭಾರಕ್ಕೆಂದು ಟೈರಿನೊಳಗೆ ತುಂಬಿಸಿದ್ದ ನೀರು ಅಲ್ಲಿಂದಲೇ ಜಿನುಗುತ್ತದೆ, ಸ್ಕ್ರೂಡ್ರೈವರ್ ಮೊನೆಯಿಂದ ಒತ್ತಿದರೆ ಕಬ್ಬಿಣ ಒಳಕ್ಕೆ ಕುಸಿಯುತ್ತದೆ. ಮುಂದಿನ ಎರಡೂ ಟೈರುಗಳ ಬಟನ್ (ನೆಲ ಹಿಡಿಯುವ ಉಬ್ಬು ರಬ್ಬರ್ ಪಟ್ಟಿ) ಬಹುತೇಕ ಸವೆದಿದೆ. ಎಡಗಡೆಯದರ ಪಕ್ಕೆ ಬಿರಿದು ಒಳಗಿನ ನೂಲು ಕಾಣುತ್ತಿದೆ. ಹಿಂದಿನ ಟೈರುಗಳು ಅರ್ಧ ಸವೆದಿದ್ದರೂ ಇನ್ನೂ ಕೆಲಸಕ್ಕೆ ಬರುವಂತಿವೆ.

ನಮಗೆ ಗಾಡಿ ಮಾರಿದ ಶೋರೂಂ ಮುಚ್ಚಿಹೋಗಿದೆ. ಅದೇ ಕಂಪನಿಯ ಇನ್ನೊಂದು ಊರಿನ ಡೀಲರರನ್ನು ವಿಚಾರಿಸಿದರೆ, ರಿಮ್ಮನ್ನು ಡಿಸ್ಕಿನ (ಹಬ್ಬಿಗೆ ಬೋಲ್ಟ್ ಹಾಕುವ ನಡುವಿನ ತಟ್ಟೆಯ) ಸಮೇತವೇ ತರಿಸಬೇಕು, ಯಾವಾಗ ಬರುತ್ತದೆಂದು ಹೇಳಲಾಗದು ಎನ್ನುತ್ತಾರೆ. ಹಾಸನದಲ್ಲಿ ಒಂದು ಅಂಗಡಿಯವರು, 8.3-20 ಸ್ಟಾಕ್ ಇಲ್ಲ, 8.3-24 ಯಾವಾಗಲೂ ಇರುತ್ತದೆ, ಆದ್ದರಿಂದ ಹಿಂದಿನ ಎರಡೂ ರಿಮ್ಮುಗಳನ್ನು 24 ಇಂಚಿನವಕ್ಕೆ ಬದಲಾಯಿಸಿಕೊಂಡರೆ ಮುಂದೆ ಟೈರಿಗಾಗಿ ಪರದಾಡಬೇಕಾಗಿಲ್ಲ ಎಂದು ಸಲಹೆ ಕೊಟ್ಟರು. ಮುಂದಿನ ಚಕ್ರಕ್ಕೆ ಪವರ್ ಟಿಲ್ಲರಿನ 6.00-12 ಟೈರು ಸರಿಹೊಂದುತ್ತದೆ ಎಂಬುದೂ ಅವರದೇ ಮಾತು. ಈ ಎರಡು ಸಲಹೆಗಳಲ್ಲಿ ಯಾವುದನ್ನು ನಂಬಬಹುದು? ರಿಮ್ಮನ್ನು ಎಲ್ಲಿ, ಹೇಗೆ ಹುಡುಕಬೇಕು? ಮಳೆ ಹಿಡಿಯುವುದರೊಳಗೆ ಗಾಡಿ ಸಿದ್ಧವಾಗಬೇಕಿದೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ಮೂಡಿಗೆರೆ ವರ್ಕ್‌ಶಾಪ್

ನಮಸ್ಕಾರ ಸರ್. ಮೂಡಿಗೆರೆ ಕಡೆಯ ಕಾಫಿ ತೋಟಗಳ ಮಿನಿ ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡುವುದು ನನ್ನ ಕಸುಬು. 24 ಇಂಚಿನ ರಿಮ್ಮಿನ ಸಲಹೆಯನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ಟೂ ವೀಲ್ ಡ್ರೈವ್ ಗಾಡಿಯಾಗಿದ್ದರೆ ಆ ಮಾತನ್ನು ಯೋಚಿಸಿ ನೋಡಬಹುದಿತ್ತು, ನಿಮ್ಮ ಗಾಡಿಗೆ ಅದು ಖಂಡಿತ ಆಗದು. ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರಿನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಗೇರುಗಳ ಮೂಲಕ ಒಂದಕ್ಕೊಂದು ಬಿಗಿಯಾಗಿ ಕೂಡಿಕೊಂಡಿರುತ್ತವೆ. ಹಿಂದಿನ ಚಕ್ರ ಒಂದು ಸುತ್ತು ಸುತ್ತಿದಾಗ ಮುಂದಿನದು ಎಷ್ಟು ಸುತ್ತಬೇಕು ಎಂಬುದನ್ನು ಕಾರ್ಖಾನೆಯಲ್ಲೇ ಹಲ್ಲುಗಳ ಲೆಕ್ಕದಲ್ಲಿ ನಿಗದಿ ಮಾಡಿರುತ್ತಾರೆ. ಆ ಲೆಕ್ಕದಂತೆ ಮುಂದಿನ ಚಕ್ರ ನೆಲದ ಮೇಲೆ ಹಿಂದಿನದಕ್ಕಿಂತ ಕೂದಲೆಳೆಯಷ್ಟು ಮುಂದೆ ಓಡಲು ನೋಡುತ್ತಿರಬೇಕು. ಇದಕ್ಕೆ ನಾವು ಲೀಡ್ ಎನ್ನುತ್ತೇವೆ. ಸಾಮಾನ್ಯವಾಗಿ ಇದು ಶೇ 1ರಿಂದ ಶೇ 5ರ ಒಳಗಿರುತ್ತದೆ. ಲೀಡ್ ಇದ್ದರೆ ಮುಂದಿನ ಚಕ್ರ ಗಾಡಿಯನ್ನು ಎಳೆಯುತ್ತದೆ, ಸ್ಟೇರಿಂಗ್ ಮಾತು ಕೇಳುತ್ತದೆ. ಅದು ಮೈನಸ್ಸಿಗೆ ಹೋದರೆ ಹಿಂದಿನ ಚಕ್ರ ಮುಂದಿನದನ್ನು ದಬ್ಬಿಕೊಂಡು ಹೋಗುತ್ತದೆ, ಮುಂದಿನ ಚಕ್ರ ಬ್ರೇಕ್ ಹಿಡಿದಂತೆ ಉಜ್ಜಿಕೊಂಡು ಬರುತ್ತದೆ. ಆ ಬಿಗಿತವೆಲ್ಲ ಮುಂದಿನ ಡ್ರೈವ್ ಶಾಫ್ಟ್, ಕ್ರೌನ್ ಮತ್ತು ಪಿನಿಯನ್ ಗೇರುಗಳ ಮೇಲೆ ಬೀಳುತ್ತದೆ. ಟೈರು ಸವೆದರೆ ಮತ್ತೆ ಕೊಳ್ಳಬಹುದು, ಮುಂದಿನ ಆಕ್ಸಲ್ಲಿನ ಗೇರು ಮುರಿದರೆ ಅದರ ಖರ್ಚು ನಾಲ್ಕು ಟೈರಿನ ಬೆಲೆಯನ್ನೂ ಮೀರಿಸುತ್ತದೆ.

ರಿಮ್ಮು 20ರಿಂದ 24 ಇಂಚಿಗೆ ಏರಿದರೆ ಚಕ್ರದ ವ್ಯಾಸ ಸುಮಾರು 4 ಇಂಚು ಹೆಚ್ಚುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 32 ಸೆಂಟಿಮೀಟರ್ ಹೆಚ್ಚು ದೂರ ಉರುಳುತ್ತದೆ. ಇದಕ್ಕೆ ಸರಿಯಾಗಿ ಮುಂದಿನ ಚಕ್ರವನ್ನೂ ದೊಡ್ಡದು ಮಾಡಬೇಕು. ಅದು ಸ್ಟೇರಿಂಗ್ ತಿರುಗಿಸಿದಾಗ ಬಾನೆಟ್ಟಿಗೆ ತಾಗದೆ, ಆಕ್ಸಲ್ಲಿನ ಜಾಗದೊಳಗೆ ಕೂರಬೇಕು. ಇಂಥ ಗಾಡಿಗಳಲ್ಲಿ ಅಷ್ಟು ಜಾಗವಿರುವುದಿಲ್ಲ. ಹಿಂದಿನ ಚಕ್ರ ದೊಡ್ಡದಾದಷ್ಟೂ ಪ್ರತಿ ಗೇರಿನಲ್ಲೂ ವೇಗ ಹೆಚ್ಚಿ ಎಳೆಯುವ ಶಕ್ತಿ ತಗ್ಗುತ್ತದೆ. ಕಡಿಮೆ ಗೇರಿನಲ್ಲಿ ನಿಧಾನಕ್ಕೆ ರೊಟವೇಟರ್ ಹೊಡೆಯಬೇಕಾದ ಶುಂಠಿ ಪಟ್ಟೆಯಲ್ಲಿ ಇದು ದೊಡ್ಡ ತೊಡಕು.

ಟಿಲ್ಲರ್ ಟೈರಿನ ಮಾತು ಅಷ್ಟು ತಳ್ಳಿಹಾಕುವಂಥದ್ದಲ್ಲ. ಮಲೆನಾಡಿನಲ್ಲಿ ಪವರ್ ಟಿಲ್ಲರ್ ಇಲ್ಲದ ಊರಿಲ್ಲ, ಅದರ 6.00-12 ಟೈರು ಸಣ್ಣ ಪೇಟೆಯಲ್ಲೂ ಸಿಗುತ್ತದೆ, ರಿಮ್ಮಿನ ವ್ಯಾಸವೂ 12 ಇಂಚೇ. ಆದರೆ 6.00-12 ಎಂಬ ಅಚ್ಚು ಟೈರಿನ ಅಗಲವನ್ನೂ ರಿಮ್ಮಿನ ವ್ಯಾಸವನ್ನೂ ಮಾತ್ರ ಹೇಳುತ್ತದೆ. ಬಟನ್ ಎಷ್ಟು ಎತ್ತರ, ಟೈರು ಗಾಳಿ ತುಂಬಿದಾಗ ಹೊರಗಿನ ಸುತ್ತಳತೆ ಎಷ್ಟು ಎಂಬುದು ಕಂಪನಿಯಿಂದ ಕಂಪನಿಗೆ, ಮಾದರಿಯಿಂದ ಮಾದರಿಗೆ ಬೇರೆಯಾಗುತ್ತದೆ. ಎಷ್ಟು ಭಾರ ಹೊರುತ್ತದೆ ಎಂಬುದನ್ನು ಪ್ಲೈ ರೇಟಿಂಗಿನಿಂದ ತಿಳಿಯಬೇಕು. ಪಕ್ಕೆಯ ಮೇಲೆ 4 ಪಿಆರ್, 6 ಪಿಆರ್ ಎಂದು ಇರುತ್ತದೆ. ಗಾಡಿಯಲ್ಲಿ ಈಗಿರುವ ಮೂಲ ಟೈರಿಗಿಂತ ಕಡಿಮೆ ಪ್ಲೈ ಇರುವುದನ್ನು ಯಾವ ಕಾರಣಕ್ಕೂ ಹಾಕಬಾರದು. ಟ್ರ್ಯಾಕ್ಟರಿನ ಮುಂಭಾಗದಲ್ಲಿ ಎಂಜಿನ್ನಿನ ಭಾರ ಸದಾ ಕೂತಿರುತ್ತದೆ.

ನೀವೇ ಅಳೆದು ನೋಡಿ. ಅಂಗಳದಂಥ ಗಟ್ಟಿಯಾದ ಸಮತಟ್ಟು ಜಾಗದಲ್ಲಿ, ನಾಲ್ಕೂ ಚಕ್ರಗಳಿಗೆ ಪುಸ್ತಕದಲ್ಲಿ ಹೇಳಿದಷ್ಟು ಗಾಳಿ ತುಂಬಿ, ಮುಂದೊಂದು ಹಿಂದೊಂದು ಚಕ್ರದ ಪಕ್ಕೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮುಂದಿನ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಕೂಡಿಸುವ ಫೋರ್ ವೀಲ್ ಲಿವರನ್ನು ಬಿಡಿಸಿ, ಹಿಂದಿನ ಚಕ್ರ ಸರಿಯಾಗಿ 10 ಸುತ್ತು ಉರುಳುವಷ್ಟು ದೂರ ಗಾಡಿಯನ್ನು ನೇರವಾಗಿ ಓಡಿಸಿ. ಅಷ್ಟರಲ್ಲಿ ಮುಂದಿನ ಚಕ್ರ ಎಷ್ಟು ಸುತ್ತಿತು ಎಂದು ಒಬ್ಬರು ಪಕ್ಕದಲ್ಲಿ ನಡೆಯುತ್ತಾ ಎಣಿಸಲಿ, ದೂರವನ್ನೂ ಟೇಪಿನಲ್ಲಿ ಅಳೆಯಿರಿ. ಆಮೇಲೆ ಉತ್ತ ಸಡಿಲ ಮಣ್ಣಿನಲ್ಲಿ ಲಿವರ್ ಹಾಕಿಕೊಂಡು ಮತ್ತೆ ಹಿಂದಿನ ಚಕ್ರದ 10 ಸುತ್ತಿಗೆ ಮುಂದಿನದರ ಸುತ್ತು ಎಣಿಸಿ. ಎರಡನೆಯ ಎಣಿಕೆಯಿಂದ ಮೊದಲನೆಯದನ್ನು ಕಳೆದು, ಬಂದದ್ದನ್ನು ಮೊದಲನೆಯದರಿಂದ ಭಾಗಿಸಿ 100ರಿಂದ ಗುಣಿಸಿದರೆ ನಿಮ್ಮ ಗಾಡಿಯ ಈಗಿನ ಲೀಡ್ ಸಿಗುತ್ತದೆ. ಈ ಅಂಕಿಗಳನ್ನು ಇಲ್ಲಿ ಬರೆದರೆ ಯಾವ ಟೈರು ಹೊಂದುತ್ತದೆಂದು ಹೇಳುವುದು ಸುಲಭವಾಗುತ್ತದೆ.

ಉತ್ತರ: ತರೀಕೆರೆ ಅಡಿಕೆ ತೋಟ

ಟೈರಿನ ವಿಷಯವನ್ನು ಮೂಡಿಗೆರೆಯವರು ಚೆನ್ನಾಗಿ ಬಿಡಿಸಿದ್ದಾರೆ. ನಾನು ರಿಮ್ಮಿನ ಬಗ್ಗೆ ಬರೆಯುತ್ತೇನೆ. ನಮ್ಮ ಗಾಡಿಯ ಹಿಂದಿನ ರಿಮ್ಮು ಇದೇ ರೀತಿ ಹೋಗಿತ್ತು, ಹುಡುಕಾಟದ ದಾರಿ ನನಗೆ ಪರಿಚಯವಿದೆ.

ಮೊದಲಿಗೆ ರಿಮ್ಮಿನ ಮೇಲಿನ ಅಚ್ಚನ್ನು ಓದಿ. ತಂತಿ ಬ್ರಷ್ಷಿನಿಂದ ಮಣ್ಣು, ಬಣ್ಣ ಕೆರೆದರೆ ಡಬ್ಲ್ಯು 7 × 20 ಎಂಬಂಥ ಬರಹ ಕಾಣಿಸುತ್ತದೆ. 7 ಎಂಬುದು ರಿಮ್ಮಿನ ಒಳ ಅಗಲ ಇಂಚಿನಲ್ಲಿ, 20 ಎಂಬುದು ವ್ಯಾಸ. 8.3 ಟೈರಿಗೆ ಡಬ್ಲ್ಯು 7 ಸರಿಯಾದ ಅಗಲ. ಅಂಗಡಿಯಲ್ಲಿ ಬರೀ 20 ಇಂಚಿನ ರಿಮ್ಮು ಎಂದು ಕೇಳಿದರೆ ಅಗಲ ಬೇರೆಯದನ್ನು ಕೊಟ್ಟುಬಿಡುತ್ತಾರೆ, ಆಗ ಟೈರಿನ ಅಂಚು ಸರಿಯಾಗಿ ಕೂರುವುದಿಲ್ಲ.

ಎರಡನೆಯದು ಡಿಸ್ಕು. ಚಕ್ರವನ್ನು ಹಬ್ಬಿಗೆ ಕಟ್ಟುವ ಬೋಲ್ಟುಗಳ ತೂತುಗಳು ಒಂದು ವೃತ್ತದ ಮೇಲಿರುತ್ತವೆ. ಆ ವೃತ್ತದ ವ್ಯಾಸವನ್ನು ಪಿಸಿಡಿ ಎನ್ನುತ್ತಾರೆ. ನಾಲ್ಕು ಅಥವಾ ಆರು ತೂತುಗಳಿದ್ದರೆ ಎದುರುಬದುರಿನ ಎರಡು ತೂತುಗಳ ನಡುವಿನ ದೂರವೇ ಪಿಸಿಡಿ. ಐದು ತೂತುಗಳಿದ್ದರೆ ಎದುರಿಗೆ ತೂತಿರುವುದಿಲ್ಲ. ಆಗ ಪಕ್ಕಪಕ್ಕದ ಎರಡು ತೂತುಗಳ ನಡುವಣ ದೂರವನ್ನು 1.701ರಿಂದ ಗುಣಿಸಬೇಕು. ಉದಾಹರಣೆಗೆ 82 ಮಿಲಿಮೀಟರ್ ಬಂದರೆ ಪಿಸಿಡಿ ಸುಮಾರು 139.5 ಮಿಲಿಮೀಟರ್. ತೂತಿನ ಮಧ್ಯಬಿಂದುವನ್ನು ಕಣ್ಣಂದಾಜಿನಲ್ಲಿ ಹಿಡಿಯಲು ಹೋಗಬೇಡಿ. ಒಂದು ತೂತಿನ ಎಡ ಅಂಚಿನಿಂದ ಪಕ್ಕದ ತೂತಿನ ಎಡ ಅಂಚಿಗೆ ವರ್ನಿಯರ್ ಹಿಡಿದರೆ ಅದೇ ದೂರ ತಪ್ಪಿಲ್ಲದೆ ಸಿಗುತ್ತದೆ. ಜೊತೆಗೆ ನಡುವಿನ ದೊಡ್ಡ ತೂತಿನ ವ್ಯಾಸವನ್ನೂ, ಡಿಸ್ಕಿನ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಒಳಗೆ ಅಥವಾ ಹೊರಗೆ ಇದೆ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಈ ಕೊನೆಯ ಅಳತೆಯನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಅದು ತಪ್ಪಿದರೆ ಟೈರು ಮಡ್ಗಾರ್ಡಿಗೆ ಉಜ್ಜುತ್ತದೆ, ಇಲ್ಲವೇ ಗಾಡಿಯ ಅಗಲ ಹೆಚ್ಚಾಗಿ ಅಡಿಕೆ ಸಾಲಿನೊಳಗೆ ತಿರುಗಿಸಲು ಕಷ್ಟವಾಗುತ್ತದೆ. ನಮ್ಮ ತೋಟದಲ್ಲಿ ಮರಗಳ ನಡುವೆ 9 ಅಡಿ ಅಂತರ; ಬಸಿಗಾಲುವೆ ಕಳೆದರೆ ಉಳಿಯುವ ಜಾಗದಲ್ಲಿ ಒಂದೊಂದು ಇಂಚೂ ಲೆಕ್ಕಕ್ಕೆ ಬರುತ್ತದೆ.

ಹುಡುಕುವ ಸ್ಥಳಗಳ ಬಗ್ಗೆ ಹೇಳುವುದಾದರೆ, ಗಾಡಿಯ ಚಾಸಿ ನಂಬರ್ ಕೊಟ್ಟು ಕಂಪನಿಯ ಬಿಡಿಭಾಗಗಳ ಪಟ್ಟಿಯಿಂದ ರಿಮ್ಮಿನ ಪಾರ್ಟ್ ನಂಬರನ್ನು ಮೊದಲು ಪಡೆಯಿರಿ. ಡೀಲರ್ ಬಳಿ ಮಾಲು ಇಲ್ಲದಿದ್ದರೂ ನಂಬರು ಇದ್ದೇ ಇರುತ್ತದೆ, ಆ ನಂಬರು ಇದ್ದರೆ ಬೇರೆ ಜಿಲ್ಲೆಯ ಡೀಲರುಗಳಲ್ಲೂ ವಿಚಾರಿಸಬಹುದು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್, ಬೆಂಗಳೂರಿನ ಜೆ.ಸಿ. ರಸ್ತೆ ಇವೆರಡನ್ನೂ ನೋಡಿ. ಹಾಸನದ ಬಿ.ಎಂ. ರಸ್ತೆಯ ಅಂಗಡಿಗಳಿಗೆ ಅಳತೆಯ ಚೀಟಿಯನ್ನೇ ಕೊಟ್ಟುಬನ್ನಿ. ಚೆನ್ನೈನ ವೀಲ್ಸ್ ಇಂಡಿಯಾದಂಥ ಕಾರ್ಖಾನೆಗಳು ಟ್ರ್ಯಾಕ್ಟರ್ ಕಂಪನಿಗಳಿಗೆ ರಿಮ್ಮು ಮಾಡಿಕೊಡುತ್ತವೆ. ಗಾಡಿಯ ಹೆಸರು ಬೇರೆಯಾದರೂ ರಿಮ್ಮಿನ ಉಂಗುರದ ಅಳತೆ ಒಂದೇ ಆಗಿರಲು ಸಾಧ್ಯ. ಗುಜರಿ ಅಂಗಡಿಯನ್ನೂ ಕಡೆಗಣಿಸಬೇಡಿ. ಅಲ್ಲಿ ರಿಮ್ಮು ಸಿಕ್ಕರೆ ಮೇಲಿನ ಬಣ್ಣ ನೋಡಿ ಮಾರುಹೋಗದೆ, ಟೈರಿನ ಅಂಚು ಕೂರುವ ಒಳಪಟ್ಟಿಯನ್ನು ಬೆರಳಾಡಿಸಿ ನೋಡಿ. ಅಲ್ಲಿ ಗುಳಿಗಳಿದ್ದರೆ ಬಿಟ್ಟುಬನ್ನಿ.

ಉಂಗುರ ಮಾತ್ರ ಸಿಕ್ಕಿ ಡಿಸ್ಕು ಸಿಗದಿದ್ದರೆ, ನಿಮ್ಮ ಹಳೆಯ ಡಿಸ್ಕನ್ನು ಬಿಡಿಸಿ ಹೊಸ ಉಂಗುರಕ್ಕೆ ವೆಲ್ಡ್ ಮಾಡಿಸಬಹುದು. ನಮ್ಮದನ್ನು ಹಾಗೆಯೇ ಮಾಡಿಸಿದ್ದೇವೆ. ಈ ಕೆಲಸವನ್ನು ಲೇತ್ ಇರುವ ವರ್ಕ್‌ಶಾಪಿನಲ್ಲೇ ಮಾಡಿಸಬೇಕು. ಮೊದಲು ನಾಲ್ಕು ಕಡೆ ಚುಕ್ಕೆ ವೆಲ್ಡ್ ಹಾಕಿ, ಚಕ್ರವನ್ನು ಹಬ್ಬಿಗೆ ಕಟ್ಟಿ ತಿರುಗಿಸಿ, ಅಂಚಿನ ಪಕ್ಕ ಸೀಮೆಸುಣ್ಣ ಹಿಡಿದು ಓಲಾಟ ಎಲ್ಲಿದೆ ಎಂದು ನೋಡಿ, ಅದನ್ನು ಸರಿಪಡಿಸಿದ ಮೇಲೆಯೇ ಪೂರ್ತಿ ವೆಲ್ಡ್ ಹಾಕಿಸಬೇಕು. ಇನ್ನೊಂದು ಮಾತನ್ನು ಒತ್ತಿ ಹೇಳಲೇಬೇಕು: ಟೈರು ರಿಮ್ಮಿನ ಮೇಲಿರುವಾಗ, ಗಾಳಿ ಇಳಿಸಿದ್ದರೂ ಸರಿ, ಆ ರಿಮ್ಮಿಗೆ ವೆಲ್ಡಿಂಗ್ ಮುಟ್ಟಿಸಕೂಡದು. ಕಾವಿಗೆ ರಬ್ಬರಿನಿಂದ ಏಳುವ ಅನಿಲ ಒಳಗೆ ತುಂಬಿ ಟೈರು ಸಿಡಿಯುತ್ತದೆ, ಹೀಗೆ ಜೀವಗಳು ಹೋಗಿವೆ. ಟೈರು, ಟ್ಯೂಬು ಎರಡನ್ನೂ ಕಳಚಿ ದೂರ ಇಟ್ಟ ಮೇಲೆಯೇ ಕೆಲಸ ಶುರುವಾಗಲಿ.

ಬೆಲೆ ಕೇಳುವಾಗ ನೆನಪಿಡಿ: ಟ್ರ್ಯಾಕ್ಟರ್ ಟೈರು ಮತ್ತು ಟ್ಯೂಬುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ರ ಬದಲು ಶೇ 5 ಆಗಿದೆ. ಬಿಲ್ಲು ಕೇಳಿ ಪಡೆದು ಆ ಸಾಲನ್ನು ಓದಿ.

ಉತ್ತರ: ಹಾಸನ ಟೈರ್ ಫಿಟ್ಟರ್

ಟೈರು ಕೂರಿಸುವವನ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ, ಏಕೆಂದರೆ ಒಳ್ಳೆಯ ಟೈರು ತಂದು ಕೂರಿಸುವಾಗ ಕೆಡಿಸಿಕೊಳ್ಳುವವರನ್ನು ದಿನವೂ ನೋಡುತ್ತಿದ್ದೇನೆ.

ಅಂಗಡಿಯಲ್ಲಿ ಟೈರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನು ಹುಡುಕಿ ಓದಿ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಹೆಚ್ಚು ಮಾರಾಟವಾಗದ ಸೈಜುಗಳು ಗೋದಾಮಿನಲ್ಲಿ ವರ್ಷಗಟ್ಟಲೆ ಕೂತಿರುತ್ತವೆ, 8.3-20 ಅಂಥ ಸೈಜು. ಬಟನ್ ಹೊಸದಾಗಿ ಕಂಡರೂ ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ಬಾಗಿಸಿದಾಗ ಸಣ್ಣ ಬಿರುಕುಗಳು ಬಾಯಿ ಬಿಟ್ಟರೆ ಅದನ್ನು ಕೊಳ್ಳಬೇಡಿ. ಟೈರಿನ ಜೊತೆಗೆ ಟ್ಯೂಬನ್ನೂ ಹೊಸದು ಹಾಕಿಸಿ. ಹಳೆಯ ಟ್ಯೂಬು ಹಿಗ್ಗಿರುತ್ತದೆ, ಹೊಸ ಟೈರಿನೊಳಗೆ ಮಡಿಕೆ ಬೀಳುತ್ತದೆ, ಆ ಮಡಿಕೆಯೇ ನಾಳೆ ಪಂಚರಾಗುತ್ತದೆ. ಹಿಂದಿನ ಚಕ್ರಕ್ಕೆ ನೀರು ತುಂಬಿಸುವುದಾದರೆ ಟ್ಯೂಬಿನ ವಾಲ್ವು ಟಿಆರ್ 218ಎ ಮಾದರಿಯದ್ದಾಗಿರಲಿ, ಅದರಲ್ಲಿ ಗಾಳಿ ನೀರು ಎರಡೂ ಹೋಗುತ್ತವೆ.

ಬಟನ್ನಿನ ಮಾದರಿಗೂ ಗುರುತಿದೆ. ಆರ್-1 ಎಂದರೆ ಸಾಮಾನ್ಯ ಹೊಲದ ಕೆಲಸದ್ದು, ಆರ್-2 ಎಂದರೆ ಕೆಸರು ಗದ್ದೆಗೆ ಮಾಡಿದ ಎತ್ತರದ ಬಟನ್ನಿನದು. ನಿಮ್ಮ ಬೆಳೆಗಳಿಗೆ ಆರ್-1 ಸಾಕು. ಎತ್ತರದ ಬಟನ್ ತಾರು ರಸ್ತೆಯಲ್ಲಿ ಬೇಗ ಸವೆಯುತ್ತದೆ.

ಕೂರಿಸುವಾಗ ಪಕ್ಕೆಯ ಮೇಲಿನ ಬಾಣದ ಗುರುತು ಗಾಡಿ ಮುಂದಕ್ಕೆ ಚಲಿಸುವಾಗ ಚಕ್ರ ತಿರುಗುವ ದಿಕ್ಕಿಗೇ ಇರಬೇಕು. ಅಂಚುಗಳಿಗೆ ಸೋಪಿನ ನೀರು ಹಚ್ಚಿ ನಿಧಾನಕ್ಕೆ ಗಾಳಿ ತುಂಬಿ. ಅಂಚು ಕೂರಲಿಲ್ಲವೆಂದು 35 ಪಿಎಸ್‌ಐ ದಾಟಿಸಬಾರದು. ಗಾಳಿ ಇಳಿಸಿ, ಟೈರನ್ನು ಸರಿಸಿ, ಮತ್ತೆ ತುಂಬಬೇಕು. ಅಂಚಿನೊಳಗಿನ ತಂತಿ ಕಡಿದರೆ ಟೈರು ಮುಖಕ್ಕೇ ಎಗರುತ್ತದೆ.

ನೀರಿನ ವಿಷಯ. ವಾಲ್ವು ಮೇಲ್ತುದಿಗೆ ಬರುವಂತೆ ಚಕ್ರ ನಿಲ್ಲಿಸಿ, ವಾಲ್ವಿನ ಮಟ್ಟದವರೆಗೆ ತುಂಬಿದರೆ ಸುಮಾರು ಮುಕ್ಕಾಲು ಭಾಗ ನೀರಾಗುತ್ತದೆ, ಉಳಿದದ್ದು ಗಾಳಿ. ನೀರು ಹೆಪ್ಪುಗಟ್ಟುವ ಚಳಿಯ ದೇಶಗಳಲ್ಲಿ ಅದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ. ನಮ್ಮ ಹವೆಯಲ್ಲಿ ಅದರ ಅಗತ್ಯವಿಲ್ಲ, ಸೋರಿದರೆ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಬರೀ ನೀರೇ ಆದರೂ ವಾಲ್ವಿನ ಬುಡದಲ್ಲಿ ಹನಿಯುತ್ತಿದ್ದರೆ ಟ್ಯೂಬಿಗೂ ರಿಮ್ಮಿಗೂ ನಡುವೆ ತೇವ ನಿಂತು, ಹೊರಗಿನಿಂದ ಕಾಣುವ ಮೊದಲೇ ರಿಮ್ಮು ಒಳಗಿನಿಂದ ಕರಗುತ್ತದೆ. ನಿಮ್ಮ ರಿಮ್ಮಿನಲ್ಲಿ ಆಗಿರುವುದು ಇದೇ ಎಂದು ಕಾಣುತ್ತದೆ. ಎಡಗಡೆಯ ರಿಮ್ಮನ್ನೂ ಒಮ್ಮೆ ಬಿಚ್ಚಿಸಿ ನೋಡಿ.

ಉಂಗುರ ಬದಲಾಯಿಸದೆ ತುಕ್ಕು ತಿಂದ ಜಾಗವನ್ನಷ್ಟೇ ಕತ್ತರಿಸಿ ತೇಪೆ ಹಾಕಬಹುದೇ ಎಂದು ಕೇಳುವವರಿದ್ದಾರೆ. ತುಕ್ಕು ನಡುವಿನ ತಗ್ಗಿನಲ್ಲಿ ಮಾತ್ರ ಇದ್ದರೆ ಹಾಕಬಹುದು. ಅಂಚು ಕೂರುವ ಪಟ್ಟಿಗೆ ಹರಡಿದ್ದರೆ ಆ ರಿಮ್ಮನ್ನು ಗುಜರಿಗೆ ಹಾಕಿ. ತೇಪೆ ಹಾಕಿದರೆ ಮೂಲ ತಗಡಿನಷ್ಟೇ ದಪ್ಪದ ತುಂಡನ್ನು ಅಂಚಿಗೆ ಅಂಚು ಸೇರಿಸಿ ವೆಲ್ಡ್ ಮಾಡಿಸಬೇಕು, ಒಂದರ ಮೇಲೊಂದು ಹೊದಿಸಬಾರದು. ಒಳಮೈಯನ್ನು ಗ್ರೈಂಡರಿನಿಂದ ನುಣುಪು ಮಾಡಿಸದಿದ್ದರೆ ವೆಲ್ಡಿನ ಗಂಟುಗಳು ಟ್ಯೂಬನ್ನು ಕೊರೆಯುತ್ತವೆ. ಆಮೇಲೆ ರೆಡ್ ಆಕ್ಸೈಡ್ ಹೊಡೆದು, ಅದರ ಮೇಲೆ ಎನಾಮೆಲ್ ಬಳಿದು, ಪೂರ್ತಿ ಒಣಗಿದ ನಂತರ ಟೈರು ಕೂರಿಸಿ.

ಆಲೂರು ಬೆಳೆಗಾರ

ಇಷ್ಟು ಬಿಡಿಸಿ ಬರೆದ ಮೂವರಿಗೂ ಕೃತಜ್ಞತೆಗಳು. ಹೇಳಿದಂತೆ ಅಳೆದಿದ್ದೇನೆ. ಅಂಗಳದಲ್ಲಿ ಲಿವರ್ ಬಿಟ್ಟಾಗ ಹಿಂದಿನ ಚಕ್ರದ 10 ಸುತ್ತಿಗೆ 26.4 ಮೀಟರ್ ದೂರ ಬಂದಿತು, ಅಷ್ಟರಲ್ಲಿ ಮುಂದಿನ ಚಕ್ರ ಸರಿಯಾಗಿ 14 ಸುತ್ತಿತು. ಶುಂಠಿಗೆಂದು ಉತ್ತಿದ್ದ ಜಾಗದಲ್ಲಿ ಲಿವರ್ ಹಾಕಿ ಓಡಿಸಿದಾಗ 14 ಕಾಲು ಸುತ್ತಾಯಿತು.

ಟಿಲ್ಲರ್ ಟೈರನ್ನೂ ನೋಡಿಬಂದೆ. ಅಂಗಡಿಯ ಮುಂದೆ ನಿಂತಿದ್ದ ಹೊಸ ಟಿಲ್ಲರಿನ, ಗಾಳಿ ತುಂಬಿದ ಚಕ್ರಕ್ಕೆ ನಡುಭಾಗದಲ್ಲಿ ಟೇಪು ಸುತ್ತಿದರೆ 200 ಸೆಂಟಿಮೀಟರ್ ಬಂದಿತು. ನಮ್ಮ ಗಾಡಿಯ ಮುಂಭಾಗವನ್ನು ಜಾಕಿಯಲ್ಲಿ ಎತ್ತಿ ಸವೆದ ಟೈರಿಗೆ ಹಾಗೆಯೇ ಸುತ್ತಿದಾಗ 195.5 ಸೆಂಟಿಮೀಟರ್ ಇದೆ. ಎರಡರ ಮೇಲೂ 6 ಪಿಆರ್ ಎಂದಿದೆ. ಅದೇ ಅಂಗಡಿಯಲ್ಲಿ ಇನ್ನೊಂದು ಕಂಪನಿಯ, ಬಟನ್ ಇನ್ನೂ ಎತ್ತರವಿರುವ 6.00-12 ಟೈರೂ ಇತ್ತು. ಅದರ ಸುತ್ತಳತೆ 207 ಸೆಂಟಿಮೀಟರ್. ಇದು ಗದ್ದೆಯಲ್ಲಿ ಹಿಡಿತ ಚೆನ್ನಾಗಿ ಕೊಡುತ್ತದೆಂದು ಅವರು ಅದನ್ನೇ ತೆಗೆದುಕೊಳ್ಳಲು ಹೇಳುತ್ತಿದ್ದಾರೆ.

ಹಿಂದಿನ ಬಲಗಡೆಯ ಟೈರನ್ನು ಬಿಚ್ಚಿಸಿದ್ದೇನೆ. ತುಕ್ಕು ವಾಲ್ವಿನ ಸುತ್ತ ಅಂಗೈ ಅಗಲದಷ್ಟಿದೆ, ನಡುವಿನ ತಗ್ಗಿನಲ್ಲೇ ನಿಂತಿದೆ; ಎರಡೂ ಬದಿಯ ಪಟ್ಟಿಗಳು ಕೆರೆದ ಮೇಲೆ ಹೊಳೆಯುವ ಕಬ್ಬಿಣವೇ ಕಂಡಿತು. ಎಡಗಡೆಯದರಲ್ಲಿ ಮೇಲ್ಪದರದ ತುಕ್ಕು ಮಾತ್ರ ಇದೆ. ಅಚ್ಚು ಡಬ್ಲ್ಯು 7 × 20. ಈಗ ಮುಂದಿನದು ಎರಡನ್ನು ಮಾತ್ರ ಹೊಸದು ಹಾಕಿ ಹಿಂದಿನ ಟೈರುಗಳನ್ನು ಇನ್ನೊಂದು ವರ್ಷ ಓಡಿಸಬಹುದೇ?

ಮೂಡಿಗೆರೆ ವರ್ಕ್‌ಶಾಪ್

ಅಳತೆಗಳು ಅಚ್ಚುಕಟ್ಟಾಗಿವೆ ಸರ್, ಇವುಗಳಿಂದ ಎಲ್ಲವೂ ಸ್ಪಷ್ಟವಾಗುತ್ತದೆ.

ಕಾಲು ಸುತ್ತನ್ನು 14ರಿಂದ ಭಾಗಿಸಿದರೆ ನಿಮ್ಮ ಈಗಿನ ಲೀಡ್ ಸುಮಾರು ಶೇ 1.8. ಮುಂದಿನ ಟೈರುಗಳು ಸವೆದಿರುವುದರಿಂದ ಅದು ಕೆಳಗಿನ ಮಿತಿಯ ಹತ್ತಿರಕ್ಕೆ ಬಂದಿದೆ. ಈಗ ಮುಂದಿನ ಚಕ್ರ ಸುತ್ತಿಗೆ 1.886 ಮೀಟರ್ ಉರುಳುತ್ತಿದೆ. 200 ಸೆಂಟಿಮೀಟರ್ ಸುತ್ತಳತೆಯ ಟಿಲ್ಲರ್ ಟೈರು ಹಾಕಿದರೆ ಅದೇ ಪ್ರಮಾಣದಲ್ಲಿ ಏರಿ ಸುಮಾರು 1.93 ಮೀಟರ್ ಆಗುತ್ತದೆ. ಆಗ 26.4 ಮೀಟರಿಗೆ ಮುಂದಿನ ಚಕ್ರ 13.7 ಸುತ್ತಿನಷ್ಟು ಉರುಳಬೇಕು, ಗೇರು ಕೊಡುವುದು 14.25. ಲೀಡ್ ಶೇ 4ಕ್ಕಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ. ಇದು ಮಿತಿಯೊಳಗಿನ ಲೆಕ್ಕವೇ, ಹಾಕಬಹುದು. 207 ಸೆಂಟಿಮೀಟರಿನದನ್ನು ಹಾಕಿದರೆ ಲೀಡ್ ಶೇ 8ರ ಹತ್ತಿರ ಹೋಗುತ್ತದೆ. ಮುಂದಿನ ಚಕ್ರ ಸದಾ ಜಾರುತ್ತಾ ಸವೆಯುತ್ತದೆ, ಗೇರುಗಳಿಗೂ ಬಿಗಿತ. ಅಂಗಡಿಯವರು ಎಷ್ಟು ಹೇಳಿದರೂ ಅದು ಬೇಡ. 8.3-24ರ ಲೆಕ್ಕವನ್ನೂ ಇದೇ ಅಂಕಿಗಳಿಂದ ನೋಡಿ: ಹಿಂದಿನ 10 ಸುತ್ತಿಗೆ ದೂರ 29.6 ಮೀಟರ್ ಆಗಿ, ಈಗಿನ ಮುಂದಿನ ಟೈರಿನೊಂದಿಗೆ ಲೀಡ್ ಮೈನಸ್ ಶೇ 9ರ ಆಸುಪಾಸಿಗೆ ಇಳಿಯುತ್ತದೆ.

ಹಿಂದಿನ ಟೈರುಗಳನ್ನು ಇನ್ನೊಂದು ವರ್ಷ ಓಡಿಸಲು ಅಡ್ಡಿಯಿಲ್ಲ, ಆದರೆ ಒಂದು ಎಚ್ಚರ ಬೇಕು. ಮುಂದಿನದು ಹೊಸದಾಗಿ ಹಿಂದಿನದು ಸವೆಯುತ್ತಾ ಹೋದಂತೆ ಲೀಡ್ ಏರುತ್ತಾ ಹೋಗುತ್ತದೆ, ನೀವು ಈಗಾಗಲೇ ಮೇಲಿನ ಮಿತಿಯ ಹತ್ತಿರವಿರುತ್ತೀರಿ. ಆದ್ದರಿಂದ 8.3-20 ಜೋಡಿಯನ್ನು ಈಗಲೇ ಹೇಳಿಟ್ಟು ತರಿಸಿಕೊಳ್ಳಿ. ಹಿಂದಿನದು ಹೊಸದಾದರೆ 10 ಸುತ್ತಿನ ದೂರ ಅರ್ಧ ಮೀಟರಿನಷ್ಟು ಹೆಚ್ಚಿ ಲೀಡ್ ಶೇ 2ರ ಸುತ್ತಮುತ್ತ ಮತ್ತೆ ಬಂದು ಕೂರುತ್ತದೆ. ಅಲ್ಲಿಯವರೆಗೆ ತಾರು ರಸ್ತೆಯಲ್ಲಿ, ಗಟ್ಟಿ ನೆಲದಲ್ಲಿ ಫೋರ್ ವೀಲ್ ಲಿವರ್ ಹಾಕಲೇಬೇಡಿ. ಸಡಿಲ ಮಣ್ಣಿನಲ್ಲಿ ಆ ಹೆಚ್ಚುವರಿ ಸುತ್ತು ಜಾರಿ ಹೋಗುತ್ತದೆ, ತಾರಿನಲ್ಲಿ ಅದಕ್ಕೆ ಜಾರಲು ಜಾಗವಿರುವುದಿಲ್ಲ. ಮುಂದಿನ ಎರಡು ಟೈರುಗಳು ಒಂದೇ ಕಂಪನಿಯ ಒಂದೇ ಮಾದರಿಯವಾಗಿರಲಿ. ಒಂದು ಹೊಸದು ಒಂದು ಹಳೆಯದು ಮಾಡಬೇಡಿ.

ರಿಮ್ಮಿಗೆ ಸದ್ಯ ಫಿಟ್ಟರ್ ಅವರು ಹೇಳಿದಂತೆ ತೇಪೆ ಹಾಕಿಸಿ, ನಿಮ್ಮ ಪಟ್ಟಿಗಳು ಗಟ್ಟಿಯಿರುವುದರಿಂದ ಅದು ಈ ಮಳೆಗಾಲವನ್ನು ದಾಟಿಸುತ್ತದೆ. ಹೊಸ ತುಂಡಿನಲ್ಲಿ ವಾಲ್ವಿನ ತೂತನ್ನು ಹಳೆಯ ಜಾಗದಲ್ಲೇ, ಹಳೆಯ ಅಳತೆಗೇ ಕೊರೆಸಿ, ಅದರ ಅಂಚನ್ನು ಅರದಿಂದ ಉಜ್ಜಿಸಿ. ಈ ಒಂದು ವರ್ಷ ಹಿಂದಿನ ಎರಡೂ ಚಕ್ರಗಳಿಗೆ ನೀರು ತುಂಬಿಸಬೇಡಿ; ಭಾರ ಬೇಕಾದರೆ ಚಕ್ರಕ್ಕೆ ಕಟ್ಟುವ ಎರಕದ ತೂಕಗಳು ಸಿಗುತ್ತವೆ. ಗಾಡಿಗೆ ಚಕ್ರ ಕಟ್ಟುವಾಗ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ, ಮೊದಲ ದಿನದ ಕೆಲಸ ಮುಗಿದ ಮೇಲೆ ಇನ್ನೊಮ್ಮೆ ಪಾನಾ ಹಾಕಿ ನೋಡಿ. ಹೊಸ ಬಣ್ಣದ ಪದರ ಅಮುಕಿಕೊಂಡು ನಟ್ಟು ಸಡಿಲಾಗುವುದುಂಟು.

ಅದೇ ವೇಳೆಗೆ ಚಾಸಿ ನಂಬರ್ ಕೊಟ್ಟು ಪೂರ್ತಿ ರಿಮ್ಮನ್ನು ಬುಕ್ ಮಾಡಿಬಿಡಿ. ಪಾರ್ಟ್ ನಂಬರು ಸಿಕ್ಕ ಕೂಡಲೇ, ಗಾಡಿಯ ಮಾದರಿಯ ಜೊತೆಗೆ ಇಲ್ಲಿ ಬರೆಯಿರಿ. 8.3-20 ಹಾಕಿದ ಗಾಡಿಗಳು ನಮ್ಮ ಕಡೆಯ ತೋಟಗಳಲ್ಲೂ ಹಲವಿವೆ, ಅವರಿಗೂ ಅದು ಬೇಕಾಗುತ್ತದೆ.